ಪಂದ್ಯದ ಕಾರಿನ ಕಿಡಿ: ಇಗ್ನಿಷನ್ ಕಾಯಿಲ್ ಮತ್ತು ಪ್ಲಗ್ ತಂತಿಗಳ ಆಯ್ಕೆಯನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

1. ಪ್ರಸ್ತಾವನೆ

ಕಳೆದ ವರ್ಷ ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಯೊಬ್ಬನು ಪ್ರಸ್ತುತ ಲೇಖಕನ ಬಳಿಗೆ ಬಂದು ತನ್ನ ಸಂಕಟವೊಂದನ್ನು ಹೇಳಿಕೊಂಡನು. ಅವನು ನಾಲ್ಕು ಸಿಲಿಂಡರಿನ ಹಳೆಯ ಕಾರೊಂದನ್ನು ಕೊಂಡು, ಅದನ್ನು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಪಥದಲ್ಲಿ ಓಡಿಸಬೇಕೆಂಬ ಹಂಬಲದಿಂದ ಎರಡು ವರ್ಷ ದುಡಿದಿದ್ದನು. ಎಂಜಿನ್ನು ನಿಮಿಷಕ್ಕೆ 5000 ಸುತ್ತುಗಳನ್ನು ದಾಟಿದೊಡನೆ ತಡವರಿಸುತ್ತಿತ್ತು. ಮೆಕ್ಯಾನಿಕ್ಕರು ‘ಮಿಸ್ಸಿಂಗ್’ ಎಂದು ಕರೆಯುವ ದೋಷವದು. ಬಿಡಿಭಾಗಗಳ ಅಂಗಡಿಯವರು 60,000 ವೋಲ್ಟಿನದೆಂದು ಹೇಳಲಾದ ಒಂದು ಕಾಯಿಲನ್ನೂ, ತಾಮ್ರದ ಎಳೆಗಳುಳ್ಳ ದಪ್ಪನೆಯ ಪ್ಲಗ್ ತಂತಿಗಳನ್ನೂ ಕೊಟ್ಟರು. ಅವನ್ನು ಜೋಡಿಸಿದ ಮೇಲೆ ದೋಷವು ಅಳಿಯಲಿಲ್ಲ, ಬದಲಾಗಿ ಎಲ್ಲ ವೇಗಗಳಿಗೂ ಹರಡಿತು. ಹೊಸ ಕಾಯಿಲು ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾಗತೊಡಗಿತು. “ಸರ್, ಹೆಚ್ಚು ಬೆಲೆ ಕೊಟ್ಟು ಒಳ್ಳೆಯದನ್ನೇ ತಂದೆ, ಇದ್ದದ್ದೂ ಕೆಟ್ಟಿತು” ಎಂಬುದು ಅವನ ಅಳಲು.

ಇತಿಹಾಸದ ಅಧ್ಯಾಪಕನಿಗೂ ಇಗ್ನಿಷನ್ ಕಾಯಿಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಯಂತ್ರಗಳ ಚರಿತ್ರೆಯನ್ನು ಕೆಲಕಾಲ ಅಭ್ಯಾಸ ಮಾಡಿದ ಲೇಖಕನಿಗೆ, ಆ ವಿದ್ಯಾರ್ಥಿಯ ತಪ್ಪು ಕೇವಲ ಯಂತ್ರಜ್ಞಾನದ ತಪ್ಪಲ್ಲವೆಂದೂ, ನಾವೆಲ್ಲರೂ ಚರಿತ್ರೆಯನ್ನು ಓದುವಾಗ ಮಾಡುವ ತಪ್ಪೇ ಅದೆಂದೂ ತೋರಿತು. ಹಿಂದಿನದಕ್ಕಿಂತ ಇಂದಿನದು ಪ್ರಬಲ, ಪ್ರಬಲವಾದುದೇ ಉತ್ತಮ ಎಂಬ ಭಾವನೆ ಅದರ ಬೇರು. ಕಿಡಿಯ ಚರಿತ್ರೆಯು ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಪ್ರತಿಯೊಂದು ಸಾಧನವೂ ಒಂದು ನಿರ್ದಿಷ್ಟ ಕೊರತೆಗೆ ಉತ್ತರವಾಗಿ ಹುಟ್ಟಿದೆ. ಆ ಕೊರತೆ ಯಾವುದೆಂದು ತಿಳಿಯದೆ ಸಾಧನವನ್ನು ಆಯ್ದುಕೊಳ್ಳುವುದು ಸಾಧ್ಯವಿಲ್ಲ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

2. ಕಾಯಿಲಿನ ಕಾರ್ಯ

1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವವೇ ಕಾಯಿಲಿನ ಆಧಾರ. ಕಬ್ಬಿಣದ ತಿರುಳೊಂದರ ಸುತ್ತ ಎರಡು ಸುರುಳಿಗಳಿರುತ್ತವೆ. ದಪ್ಪ ತಂತಿಯ ಕೆಲವೇ ಸುತ್ತುಗಳುಳ್ಳದು ಮೊದಲನೆಯ ಸುರುಳಿ. ಕೂದಲಿನಂತಹ ತಂತಿಯ, ಅದರ ನೂರರಷ್ಟು ಸುತ್ತುಗಳುಳ್ಳದು ಎರಡನೆಯ ಸುರುಳಿ. ಬ್ಯಾಟರಿಯ 12 ವೋಲ್ಟಿನ ಪ್ರವಾಹವು ಮೊದಲನೆಯ ಸುರುಳಿಯಲ್ಲಿ ಹರಿದಾಗ ತಿರುಳಿನಲ್ಲಿ ಕಾಂತಶಕ್ತಿಯು ಸಂಚಯವಾಗುತ್ತದೆ. ಪ್ರವಾಹವನ್ನು ಥಟ್ಟನೆ ಕಡಿದೊಡನೆ ಕಾಂತಕ್ಷೇತ್ರವು ಕುಸಿದು, ಎರಡನೆಯ ಸುರುಳಿಯಲ್ಲಿ ಹತ್ತಾರು ಸಾವಿರ ವೋಲ್ಟುಗಳು ಹುಟ್ಟುತ್ತವೆ. ಪ್ಲಗ್ಗಿನ ಎರಡು ತುದಿಗಳ ನಡುವಣ ಅಂತರವನ್ನು ಆ ವೋಲ್ಟೇಜು ಭೇದಿಸಿದಾಗ ಕಿಡಿಯು ಹಾರುತ್ತದೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಅಂತರವನ್ನು ಭೇದಿಸಲು ಎಷ್ಟು ವೋಲ್ಟೇಜು ಬೇಕೆಂಬುದನ್ನು ನಿರ್ಧರಿಸುವುದು ಕಾಯಿಲಲ್ಲ, ಅಂತರ ಮತ್ತು ಅದನ್ನು ತುಂಬಿರುವ ಅನಿಲ. 1889ರಲ್ಲಿ ಫ್ರೀಡ್ರಿಕ್ ಪಾಶೆನ್ ಎಂಬ ಜರ್ಮನ್ ವಿಜ್ಞಾನಿಯು, ಅನಿಲದ ಒತ್ತಡ ಮತ್ತು ಅಂತರದ ಅಳತೆ ಇವೆರಡರ ಗುಣಲಬ್ಧವನ್ನು ಅನುಸರಿಸಿ ಈ ವೋಲ್ಟೇಜು ಬದಲಾಗುವುದೆಂದು ತೋರಿಸಿದನು. ಸಾಧಾರಣ ಒತ್ತಡದ ಗಾಳಿಯಲ್ಲಿ ಒಂದು ಮಿಲಿಮೀಟರಿಗೆ ಸುಮಾರು 3000 ವೋಲ್ಟು ಸಾಕು. ಸಿಲಿಂಡರಿನೊಳಗೆ ಅನಿಲವು ಏಳೆಂಟು ಪಟ್ಟು ಸಾಂದ್ರವಾಗಿರುವಾಗ 0.8 ಮಿಲಿಮೀಟರಿನ ಅಂತರಕ್ಕೆ 15ರಿಂದ 20 ಸಾವಿರ ವೋಲ್ಟು ಬೇಕಾಗುತ್ತದೆ. ಅಷ್ಟು ಮುಟ್ಟಿದೊಡನೆ ಕಿಡಿಯು ಹಾರಿಬಿಡುವುದರಿಂದ ವೋಲ್ಟೇಜು ಅಲ್ಲಿಂದ ಮೇಲಕ್ಕೆ ಏರುವುದಿಲ್ಲ. ಆದುದರಿಂದ 60,000 ವೋಲ್ಟಿನ ಕಾಯಿಲೂ ಆ ಎಂಜಿನ್ನಿನಲ್ಲಿ 20,000 ವೋಲ್ಟಿನ ಕೆಲಸವನ್ನೇ ಮಾಡುತ್ತದೆ. ಉಳಿದ ಸಾಮರ್ಥ್ಯವು ಮೀಸಲು ಮಾತ್ರ. ಮೀಸಲು ಬೇಡವೆಂದು ಇದರ ಅರ್ಥವಲ್ಲ. ಅದು ಎಲ್ಲಿ ಬೇಕೆಂಬುದೇ ಪ್ರಶ್ನೆ. ಒತ್ತಡವು ಅತ್ಯಧಿಕವಾಗುವುದು ವೇಗದ ಪೆಡಲನ್ನು ಪೂರ್ತಿಯಾಗಿ ತುಳಿದಾಗ. ಟರ್ಬೊ ಇದ್ದರಂತೂ ಇನ್ನೂ ಹೆಚ್ಚು. ಊರೊಳಗೆ ಸೊಗಸಾಗಿ ಓಡುವ ಕಾರು ಪಂದ್ಯದ ಪಥದಲ್ಲಿ ತಡವರಿಸುವುದಕ್ಕೆ ಇದೊಂದು ಕಾರಣ.

3. ಮ್ಯಾಗ್ನೆಟೋ ಮತ್ತು ಕಾಯಿಲು

1860ರಲ್ಲಿ ಲೆನ್ವಾರ್ ಎಂಬಾತನು ಪ್ಯಾರಿಸ್ಸಿನಲ್ಲಿ ನಿರ್ಮಿಸಿದ ಅನಿಲ ಎಂಜಿನ್ನಿನಲ್ಲಿಯೇ ಬ್ಯಾಟರಿ ಮತ್ತು ಪ್ರೇರಣಾ ಸುರುಳಿಯ ಕಿಡಿಯನ್ನು ಬಳಸಲಾಗಿತ್ತು. ಎಂದರೆ ಕಾಯಿಲು ಮೋಟಾರು ಕಾರಿಗಿಂತ ಹಿರಿಯದು. ಆದರೂ 1880ರ ದಶಕದಲ್ಲಿ ಡೈಮ್ಲರನು ಅದನ್ನು ಬಿಟ್ಟು, ಉರಿಯುವ ದೀಪದಿಂದ ಕೆಂಪಗೆ ಕಾಯಿಸಿದ ಕೊಳವೆಯ ಮೂಲಕ ಅನಿಲವನ್ನು ಹೊತ್ತಿಸುವ ಕ್ರಮವನ್ನು ಹಿಡಿದನು. ಇದು ಹಿಂದಕ್ಕೆ ಇಟ್ಟ ಹೆಜ್ಜೆಯೇ? ಆ ಕಾಲದ ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದವು, ವಾಹನದಲ್ಲಿ ಅವನ್ನು ತುಂಬುವ ಜನರೇಟರು ಇರಲಿಲ್ಲ ಎಂಬುದನ್ನು ನೆನೆದರೆ ಅವನ ಆಯ್ಕೆಯು ವಿವೇಕದ್ದೇ ಆಗಿತ್ತೆಂದು ತಿಳಿಯುತ್ತದೆ. ಬಿಸಿ ಕೊಳವೆಯ ದೋಷವೆಂದರೆ, ವೇಗಕ್ಕೆ ತಕ್ಕಂತೆ ಜ್ವಲನದ ಕ್ಷಣವನ್ನು ಹಿಂದುಮುಂದು ಮಾಡಲು ಅದರಲ್ಲಿ ಅವಕಾಶವಿರಲಿಲ್ಲ.

1886ರಲ್ಲಿ ಪೇಟೆಂಟ್ ಪಡೆದ ತನ್ನ ಮೂರು ಚಕ್ರದ ವಾಹನಕ್ಕೆ ಕಾರ್ಲ್ ಬೆಂಜನು ಬ್ಯಾಟರಿ ಮತ್ತು ಕಾಯಿಲನ್ನೇ ಆಯ್ದುಕೊಂಡನು. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬೆರ್ತಾ, ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರುಗಳ ದೂರ, ಆ ಬಗೆಯ ವಾಹನವನ್ನು ನಡೆಸಿಕೊಂಡು ಹೋದಳು. ದಾರಿಯಲ್ಲಿ ಜ್ವಲನದ ತಂತಿಯ ಹೊದಿಕೆಯು ಸವೆದುಹೋದಾಗ ಆಕೆ ತನ್ನ ಕಾಲುಚೀಲದ ಪಟ್ಟಿಯನ್ನೇ ಅದಕ್ಕೆ ಹೊದಿಕೆಯಾಗಿ ಬಳಸಿದಳೆಂಬುದು ಪರಂಪರೆಯಿಂದ ಬಂದಿರುವ ಕಥನ. ಕಾರಿನ ಮೊತ್ತಮೊದಲ ದೀರ್ಘ ಪ್ರಯಾಣದ ಕಥೆಯಲ್ಲಿಯೇ ತಂತಿಯ ಹೊದಿಕೆಯ ಪ್ರಶ್ನೆಯು ಬಂದಿರುವುದು ಗಮನಾರ್ಹ.

ಬ್ಯಾಟರಿಯ ಹಂಗನ್ನು ತೊಡೆದುಹಾಕಿದುದು ಮ್ಯಾಗ್ನೆಟೋ. ಇದರಲ್ಲಿ ಎಂಜಿನ್ನಿನ ತಿರುಗುವಿಕೆಯೇ ಕಾಂತದ ನೆರವಿನಿಂದ ಪ್ರವಾಹವನ್ನು ಹುಟ್ಟಿಸುತ್ತದೆ. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷನ ಕಾರ್ಖಾನೆಯು 1897ರಲ್ಲಿ ಅದನ್ನು ಮೊದಲ ಬಾರಿಗೆ ಮೋಟಾರು ವಾಹನವೊಂದಕ್ಕೆ ಅಳವಡಿಸಿತು. 1902ರಲ್ಲಿ ಅಲ್ಲಿನ ಎಂಜಿನಿಯರ್ ಗಾಟ್ಲೊಬ್ ಹೊನೊಲ್ಡನು ಸ್ಪಾರ್ಕ್ ಪ್ಲಗ್ಗಿನೊಡನೆ ಕೆಲಸ ಮಾಡುವ ಉಚ್ಚ ವೋಲ್ಟೇಜಿನ ಮ್ಯಾಗ್ನೆಟೋವನ್ನು ಸಿದ್ಧಪಡಿಸಿದನು. ಕನ್ನಡ ನಾಡಿಗೂ ಈ ಪರಂಪರೆಗೂ ನೇರವಾದ ಸಂಬಂಧವಿದೆ. 1951ರಲ್ಲಿ ಬಾಷ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿತು. ಅದರ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾದರೂ, ‘ಮೈಕೊ’ ಎಂಬ ಹಳೆಯ ಹೆಸರು ಬೆಂಗಳೂರಿನ ಬಡಾವಣೆಯೊಂದರ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಬಳಿಕ ಕಾಯಿಲು ಮರಳಿ ಬಂದಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗನು ರೂಪಿಸಿದ, ಒಂದೇ ಕಾಯಿಲು, ಪಾಯಿಂಟುಗಳು ಮತ್ತು ಡಿಸ್ಟ್ರಿಬ್ಯೂಟರುಗಳ ವ್ಯವಸ್ಥೆಯು 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಕಾಣಿಸಿಕೊಂಡಿತು. 1912ರ ಮಾದರಿಯಲ್ಲಿ ಅದೇ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದ ಮೇಲೆ, ಕಾರಿನಲ್ಲಿ ಹೇಗೂ ಬ್ಯಾಟರಿ ಮತ್ತು ಜನರೇಟರು ಇರುವುದರಿಂದ ದುಬಾರಿಯಾದ ಮ್ಯಾಗ್ನೆಟೋ ಏಕೆಂಬ ಪ್ರಶ್ನೆಯು ಸಹಜವಾಗಿ ಎದ್ದಿತು. ಕಾಯಿಲು ಗೆದ್ದುದು ಕಿಡಿಯ ಬಲದಿಂದಲ್ಲ. ಅಗ್ಗದ ಬೆಲೆಯಿಂದ, ಮತ್ತು ಎಂಜಿನ್ನು ನಿಧಾನವಾಗಿ ತಿರುಗುವಾಗಲೂ ಅದು ಒಳ್ಳೆಯ ಕಿಡಿಯನ್ನು ಕೊಡುತ್ತಿದ್ದುದರಿಂದ.

ಪಂದ್ಯದ ಕಾರುಗಳು ಮಾತ್ರ ಮ್ಯಾಗ್ನೆಟೋವನ್ನು ದಶಕಗಳ ಕಾಲ ಬಿಡಲಿಲ್ಲ. ಇಂಡಿಯಾನಾಪೊಲಿಸ್ಸಿನಲ್ಲಿ ಮೆರೆದ ಆಫೆನ್‌ಹೌಸರ್ ಎಂಜಿನ್ನುಗಳು ಇದಕ್ಕೆ ಉದಾಹರಣೆ. ಮ್ಯಾಗ್ನೆಟೋವಿನ ಕಿಡಿಯು ವೇಗದೊಡನೆ ಬಲಗೊಳ್ಳುತ್ತದೆ. ಕಾಯಿಲಿನ ಕಿಡಿಯು ವೇಗದೊಡನೆ ಸೊರಗುತ್ತದೆ. ಒಂದೇ ಕಾಲದಲ್ಲಿ ರಸ್ತೆಗೆ ಒಂದು, ಪಥಕ್ಕೆ ಇನ್ನೊಂದು ಎಂಬ ಎರಡು ಆಯ್ಕೆಗಳೂ ಸರಿಯಾಗಿಯೇ ಇದ್ದವು.

4. ಕಾಲಾವಕಾಶದ ಪ್ರಶ್ನೆ

ಕಾಯಿಲಿನ ಕಿಡಿಯು ವೇಗದೊಡನೆ ಸೊರಗುವುದೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಕಿಡಿಗಳು ಬೇಕು. ಒಂದು ಕಿಡಿಗೂ ಮತ್ತೊಂದಕ್ಕೂ ನಡುವೆ ಸಿಕ್ಕುವ ಕಾಲ 5 ಮಿಲಿಸೆಕೆಂಡ್. ಎಂಟು ಸಿಲಿಂಡರಿನದಾದರೆ 2.5 ಮಿಲಿಸೆಕೆಂಡ್ ಮಾತ್ರ. ಇದರಲ್ಲಿ ಪಾಯಿಂಟುಗಳು ಮುಚ್ಚಿಕೊಂಡಿದ್ದು ಕಾಯಿಲಿಗೆ ಪ್ರವಾಹವು ಹರಿಯುವುದು ನೂರಕ್ಕೆ 60 ಭಾಗದಷ್ಟು ಕಾಲವೆಂದು ಇಟ್ಟುಕೊಳ್ಳೋಣ.

ಮೊದಲನೆಯ ಸುರುಳಿಯ ಪ್ರೇರಕತ್ವವು 8 ಮಿಲಿಹೆನ್ರಿ, ರೋಧವು 3 ಓಮ್ ಇರುವ ಕಾಯಿಲೊಂದನ್ನು ಕಲ್ಪಿಸಿಕೊಳ್ಳೋಣ. ಸಾಕಷ್ಟು ಕಾಲ ಸಿಕ್ಕಿದರೆ ಅದರಲ್ಲಿ 4 ಆಂಪಿಯರ್ ಪ್ರವಾಹವು ಹರಿದು 64 ಮಿಲಿಜೌಲ್ ಶಕ್ತಿಯು ಸಂಚಯವಾಗುತ್ತದೆ. ಆದರೆ ಪ್ರವಾಹವು ಒಮ್ಮೆಗೇ ಏರದೆ ಕ್ರಮವಾಗಿ ಏರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು 1500 ಸುತ್ತಿನಲ್ಲಿರುವಾಗ ಸುಮಾರು 63 ಮಿಲಿಜೌಲ್ ದೊರೆತರೆ, 6000 ಸುತ್ತಿನಲ್ಲಿ ದೊರೆಯುವುದು ಸುಮಾರು 29. ಎಂಟು ಸಿಲಿಂಡರಿನ ಎಂಜಿನ್ನಿಗೆ ಅದೇ ವೇಗದಲ್ಲಿ ಸುಮಾರು 12 ಮಾತ್ರ. ಎಲ್ಲಿ ಅತ್ಯಂತ ಅಗತ್ಯವೋ ಅಲ್ಲಿಯೇ ಶಕ್ತಿಯು ಐದರಲ್ಲೊಂದು ಭಾಗಕ್ಕೂ ಕಡಮೆಯಾಗುತ್ತದೆ.

ಪರಿಹಾರವೇನು? ಪ್ರೇರಕತ್ವವನ್ನು 2 ಮಿಲಿಹೆನ್ರಿಗೂ ರೋಧವನ್ನು ಅರ್ಧ ಓಮಿಗೂ ಇಳಿಸಿ, 8 ಆಂಪಿಯರ್ ಪ್ರವಾಹವನ್ನು ಹರಿಸಿದರೆ ಅದೇ 64 ಮಿಲಿಜೌಲ್ ಶಕ್ತಿಯು ಸುಮಾರು 1.6 ಮಿಲಿಸೆಕೆಂಡಿನಲ್ಲಿ ದೊರೆಯುತ್ತದೆ. ಆದರೆ ಅಷ್ಟು ಪ್ರವಾಹವನ್ನು ಸೆಕೆಂಡಿಗೆ ನೂರಾರು ಬಾರಿ ಕಡಿಯುವ ಪಾಯಿಂಟುಗಳು ಬೇಗನೆ ಸುಟ್ಟುಹೋಗುತ್ತವೆ. ಈ ತೊಡಕನ್ನು ಬಿಡಿಸಿದುದು ಟ್ರಾನ್ಸಿಸ್ಟರು. 1962ರಲ್ಲಿ ಗ್ರಹಾಮ್ ಹಿಲ್ಲನಿಗೆ ವಿಶ್ವ ಚಾಂಪಿಯನ್ ಪದವಿಯನ್ನು ತಂದುಕೊಟ್ಟ ಬಿ.ಆರ್.ಎಂ. ಕಾರಿನ 1.5 ಲೀಟರಿನ ಎಂಟು ಸಿಲಿಂಡರ್ ಎಂಜಿನ್ನು ನಿಮಿಷಕ್ಕೆ 10,000 ಸುತ್ತುಗಳನ್ನು ಮೀರುತ್ತಿತ್ತು. ಆ ವೇಗದಲ್ಲಿ ಸೆಕೆಂಡಿಗೆ 660ಕ್ಕೂ ಹೆಚ್ಚು ಕಿಡಿಗಳು ಬೇಕು. ಲ್ಯೂಕಾಸ್ ಸಂಸ್ಥೆಯ ಟ್ರಾನ್ಸಿಸ್ಟರ್ ಜ್ವಲನ ವ್ಯವಸ್ಥೆಯನ್ನು ಅದಕ್ಕೆ ಅಳವಡಿಸಿದ್ದರು. 1970ರ ದಶಕದ ನಡುವಿನ ಹೊತ್ತಿಗೆ ಅಮೆರಿಕದ ದೊಡ್ಡ ತಯಾರಕರು ಸಾಮಾನ್ಯ ಕಾರುಗಳಲ್ಲಿಯೂ ಪಾಯಿಂಟುಗಳನ್ನು ಕೈಬಿಟ್ಟಿದ್ದರು.

ಮತ್ತೊಂದು ಪರಿಹಾರವು ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲು. ಆಗ 6000 ಸುತ್ತಿನಲ್ಲಿಯೂ ಪ್ರತಿಯೊಂದು ಕಾಯಿಲಿಗೆ 20 ಮಿಲಿಸೆಕೆಂಡ್ ಬಿಡುವು ಸಿಕ್ಕುತ್ತದೆ. ಇಂದಿನ ಕಾರುಗಳಲ್ಲಿ ಕಾಯಿಲು ಪ್ಲಗ್ಗಿನ ತಲೆಯ ಮೇಲೆಯೇ ಕುಳಿತಿದ್ದು ಉದ್ದನೆಯ ತಂತಿಗಳೇ ಇಲ್ಲವಾಗಿವೆ. ಇದು ತೀರ ಹೊಸದೆಂದು ತೋರಬಹುದು. ಆದರೆ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಮರದ ಪೆಟ್ಟಿಗೆಯೊಳಗೆ, ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಕಾಯಿಲುಗಳಿದ್ದವು. ಕೆಟರಿಂಗನ ಕ್ರಮದಿಂದ ಹಳತಾಯಿತೆಂದು ಎಣಿಸಲಾದ ಏರ್ಪಾಟು, ಬೇರೊಂದು ಕಾರಣಕ್ಕಾಗಿ, ಬೇರೊಂದು ರೂಪದಲ್ಲಿ ಮರಳಿ ಬಂದಿದೆ. ಯಂತ್ರಗಳ ಚರಿತ್ರೆಯನ್ನು ಏರುವ ಮೆಟ್ಟಿಲುಗಳ ಸಾಲೆಂದು ಬರೆಯುವವರು ಇದನ್ನು ವಿವರಿಸಲಾರರು.

5. ತಂತಿಗಳ ವಿಚಾರ

ತಂತಿಯ ಆಯ್ಕೆಯಲ್ಲಿ ಜನರು ಮೊದಲು ನೋಡುವುದು ರೋಧವನ್ನು. ತಾಮ್ರದ ಎಳೆಗಳ ರೋಧವು ಬಹು ಅಲ್ಪ. ಇಂಗಾಲವನ್ನು ಹೀರಿಸಿದ ನಾರಿನ ತಿರುಳುಳ್ಳ ತಂತಿಯಲ್ಲಿ ಒಂದು ಅಡಿಗೆ ಕೆಲವು ಸಾವಿರ ಓಮ್ ಇರುತ್ತದೆ. ಹಾಗಾದರೆ ತಾಮ್ರವೇ ಮೇಲಲ್ಲವೇ? ಕಿಡಿಯು ಹಾರುವ ಮುನ್ನ ತಂತಿಯಲ್ಲಿ ಹೇಳಿಕೊಳ್ಳುವಷ್ಟು ಪ್ರವಾಹವಿರುವುದಿಲ್ಲ. ಆದುದರಿಂದ ಅಂತರವನ್ನು ಭೇದಿಸುವ ವೋಲ್ಟೇಜಿಗೆ ಆ ರೋಧವು ಅಡ್ಡಿಯಾಗುವುದಿಲ್ಲ. ಕಿಡಿಯು ಹಾರಿದ ಮೇಲೆ, ಪ್ರವಾಹವು ಆಂಪಿಯರಿನ ಇಪ್ಪತ್ತನೆಯ ಒಂದು ಭಾಗದಷ್ಟಿದ್ದರೆ, 5000 ಓಮಿನ ತಂತಿಯಲ್ಲಿ 250 ವೋಲ್ಟು ಸೋರಿಹೋಗುತ್ತದೆ. ಇದು ನಷ್ಟವೇ ಸರಿ. ಆದರೆ ಆರೋಗ್ಯವಾದ ಕಾಯಿಲು ಅದನ್ನು ಭರಿಸಬಲ್ಲದು.

ಆ ರೋಧವನ್ನು ಬೇಕೆಂದೇ ಸೇರಿಸಿದುದಕ್ಕೆ ಚಾರಿತ್ರಿಕ ಕಾರಣವಿದೆ. ಪ್ರತಿಯೊಂದು ಕಿಡಿಯೂ ಒಂದು ಸಣ್ಣ ರೇಡಿಯೋ ಪ್ರಸಾರವೇ ಸರಿ. 1880ರ ದಶಕದ ಕೊನೆಯಲ್ಲಿ ಹರ್ಟ್ಸನು ರೇಡಿಯೋ ತರಂಗಗಳನ್ನು ತೋರಿಸಿಕೊಟ್ಟದ್ದು ಕಿಡಿಗಳಿಂದಲೇ. ಮನೆಮನೆಗಳಲ್ಲಿ ರೇಡಿಯೋ ಬಂದ ಮೇಲೆ ಬೀದಿಯಲ್ಲಿ ಹೋಗುವ ಕಾರುಗಳ ಕರಕರ ಸದ್ದು ಅದರಲ್ಲಿ ಕೇಳಿಸತೊಡಗಿತು. ಅದನ್ನು ಅಡಗಿಸಲು ರೋಧವನ್ನು ಸೇರಿಸಿದರು. ಇಂದು ಆ ತೊಂದರೆಯು ರೇಡಿಯೋಗಿಂತ ಹತ್ತಿರಕ್ಕೆ ಬಂದಿದೆ. ಇಂಧನವನ್ನೂ ಕಿಡಿಯ ಕ್ಷಣವನ್ನೂ ನಿಯಂತ್ರಿಸುವ ಕಂಪ್ಯೂಟರು ಕಾರಿನೊಳಗೇ ಇದ್ದು, ಎಂಜಿನ್ನಿನ ಸ್ಥಾನವನ್ನು ತಿಳಿಸುವ ಸೆನ್ಸರಿನ ಸಣ್ಣ ಸಂಕೇತಗಳನ್ನು ಓದುತ್ತಿರುತ್ತದೆ. ತಾಮ್ರದ ತಂತಿಯು ಹೊರಸೂಸುವ ಗದ್ದಲವು ಆ ಸಂಕೇತಗಳಲ್ಲಿ ಬೆರೆತರೆ ಕಂಪ್ಯೂಟರು ಮೋಸಹೋಗುತ್ತದೆ.

ಇಂಗಾಲದ ತಂತಿಗೂ ದೋಷವುಂಟು. ಶಾಖದಿಂದಲೂ, ತುದಿಯ ಟೊಪ್ಪಿಗೆಯನ್ನು ಬಿಟ್ಟು ತಂತಿಯನ್ನೇ ಹಿಡಿದು ಎಳೆಯುವುದರಿಂದಲೂ ಅದರ ತಿರುಳು ಒಳಗೊಳಗೇ ತುಂಡಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಈ ಎರಡರ ನಡುವಣದು, ನಾರಿನ ತಿರುಳಿನ ಮೇಲೆ ಸಣ್ಣ ಲೋಹದ ತಂತಿಯನ್ನು ಒತ್ತಾಗಿ ಸುರುಳಿ ಸುತ್ತಿದ ಬಗೆ. ಅದರ ರೋಧವು ಅಡಿಗೆ ಕೆಲವು ನೂರು ಓಮುಗಳಷ್ಟಿದ್ದು, ಸುರುಳಿಯ ಪ್ರೇರಕತ್ವವೇ ಗದ್ದಲವನ್ನು ಅಡಗಿಸುತ್ತದೆ. ಮೇಲೆ ಸಿಲಿಕೋನ್ ಹೊದಿಕೆಯಿದ್ದರೆ ಶಾಖವನ್ನೂ ತಾಳುತ್ತದೆ. ಕಂಪ್ಯೂಟರುಳ್ಳ ಪಂದ್ಯದ ಕಾರಿಗೆ ಇದು ತಕ್ಕುದು.

ತಂತಿಗಳನ್ನು ಹಾಯಿಸುವ ಬಗೆಯೂ ಮುಖ್ಯ. 1955ರಲ್ಲಿ ಬಂದ ಷೆವ್ರಲೆ ವಿ-8 ಎಂಜಿನ್ನಿನ ಜ್ವಲನದ ಕ್ರಮವು 1-8-4-3-6-5-7-2. ಇದರಲ್ಲಿ 5 ಮತ್ತು 7ನೆಯ ಸಿಲಿಂಡರುಗಳು ಪಕ್ಕಪಕ್ಕದಲ್ಲಿದ್ದು ಒಂದರ ಹಿಂದೊಂದು ಹೊತ್ತಿಕೊಳ್ಳುತ್ತವೆ. ಆ ಎರಡು ತಂತಿಗಳು ಬಹುದೂರ ಜೊತೆಯಾಗಿ ಸಾಗಿದರೆ, 5ರ ಪ್ರವಾಹವು ಪ್ರೇರಣೆಯಿಂದ 7ರಲ್ಲಿ ಅಕಾಲದ ಕಿಡಿಯನ್ನು ಹುಟ್ಟಿಸಿ ಎಂಜಿನ್ನಿಗೆ ಹಾನಿಯುಂಟುಮಾಡಬಹುದು. ಅವನ್ನು ಬೇರ್ಪಡಿಸಿ ಹಾಯಿಸಬೇಕೆಂಬುದು ಪಂದ್ಯದ ಮೆಕ್ಯಾನಿಕ್ಕರ ಹಳೆಯ ಪಾಠ.

6. ಆಯ್ಕೆಯ ಕ್ರಮ

ಮೇಲಿನ ವಿವೇಚನೆಯಿಂದ ಒಂದು ಕ್ರಮವು ಸಿದ್ಧಿಸುತ್ತದೆ. ಮೊದಲು, ಇರುವ ತಂತಿಗಳ ರೋಧವನ್ನು ಮೀಟರಿನಿಂದ ಅಳೆದು, ಪ್ಲಗ್ಗುಗಳನ್ನು ಪರೀಕ್ಷಿಸಬೇಕು. ಎರಡನೆಯದಾಗಿ, ಎಂಜಿನ್ನಿನ ಒತ್ತಡಕ್ಕೂ ಪ್ಲಗ್ಗಿನ ಅಂತರಕ್ಕೂ ಎಷ್ಟು ವೋಲ್ಟೇಜು ಬೇಕೆಂದು ವಿಚಾರಿಸಬೇಕು. ಅಂತರವನ್ನು ಸ್ವಲ್ಪ ಕಿರಿದು ಮಾಡುವುದು ಹೊಸ ಕಾಯಿಲಿಗಿಂತ ಅಗ್ಗ. ಮೂರನೆಯದಾಗಿ, ಗರಿಷ್ಠ ವೇಗದಲ್ಲಿ ಒಂದು ಕಾಯಿಲಿಗೆ ಸಿಕ್ಕುವ ಕಾಲವನ್ನು ಲೆಕ್ಕಹಾಕಿ, ಆ ಕಾಲದಲ್ಲಿ ತುಂಬಿಕೊಳ್ಳಬಲ್ಲ ಕಾಯಿಲನ್ನು ಆರಿಸಬೇಕು. ನಾಲ್ಕನೆಯದಾಗಿ, ಪ್ರವಾಹವನ್ನು ಕಡಿಯುವ ಸಾಧನವು ಆ ಕಾಯಿಲಿಗೆ ಹೊಂದುವುದೇ ಎಂದು ನೋಡಬೇಕು: ಪಾಯಿಂಟುಗಳಿಗೆ ಅರ್ಧ ಓಮಿನ ಕಾಯಿಲು ಸಲ್ಲದು, ಕಂಪ್ಯೂಟರಿದ್ದರೆ ಅದರಲ್ಲಿ ಪ್ರವಾಹದ ಕಾಲವನ್ನು ಹೊಸ ಕಾಯಿಲಿಗೆ ತಕ್ಕಂತೆ ತಿದ್ದಬೇಕು. ಕಂಡೆನ್ಸರಿನಲ್ಲಿ ಶಕ್ತಿಯನ್ನು ಕೂಡಿಟ್ಟು ಬಿಡುವ ವ್ಯವಸ್ಥೆಯ ಕಾಯಿಲು ಬೇರೆಯೇ ಜಾತಿಯದು. ಅದನ್ನು ಇಲ್ಲಿ ಬಳಸಲಾಗದು. ಕೊನೆಯದಾಗಿ ತಂತಿ, ಅದು ಹಾಯುವ ದಾರಿ ಮತ್ತು ಶಾಖದಿಂದ ಅದರ ರಕ್ಷಣೆ.

ನಮ್ಮ ವಿದ್ಯಾರ್ಥಿಯ ಕಾರನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿದೆವು. ಅವನು ಬಿಚ್ಚಿಟ್ಟಿದ್ದ ಹಳೆಯ ನಾಲ್ಕು ತಂತಿಗಳಲ್ಲಿ ಮೂರು ಸರಿಯಾದ ಅಳತೆಯನ್ನೇ ತೋರಿಸಿದವು. ನಾಲ್ಕನೆಯದರ ತಿರುಳು ತುಂಡಾಗಿತ್ತು. ಮೂಲ ದೋಷವು ಅಷ್ಟೇ. ತಾಮ್ರದ ತಂತಿಗಳು ಆ ದೋಷವನ್ನು ನೀಗಿಸಿ, ಸೆನ್ಸರಿನ ಸಂಕೇತವನ್ನು ಕೆಡಿಸಿ ಹೊಸದೊಂದನ್ನು ತಂದಿದ್ದವು. ಕಡಮೆ ರೋಧದ ಹೊಸ ಕಾಯಿಲಿಗೆ ಹಳೆಯ ಕಾಯಿಲಿನ ದೀರ್ಘ ಕಾಲವನ್ನೇ ಬಿಟ್ಟುದರಿಂದ ಅದು ಕಾಯುತ್ತಿತ್ತು. ಹಳೆಯ ಕಾಯಿಲನ್ನೇ ಮರಳಿ ಕೂರಿಸಿ, ಸುರುಳಿ ತಿರುಳಿನ ತಂತಿಗಳನ್ನು ಸೆನ್ಸರಿನಿಂದ ದೂರವಾಗಿ ಹಾಯಿಸಿದ ಮೇಲೆ ಎಂಜಿನ್ನು 6500 ಸುತ್ತುಗಳವರೆಗೆ ಸರಾಗವಾಗಿ ಏರಿತು. 60,000 ವೋಲ್ಟಿನ ಕಾಯಿಲು ಈಗ ಲೇಖಕನ ಮೇಜಿನ ಮೇಲಿದೆ. ಯಂತ್ರಗಳ ಚರಿತ್ರೆಯನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ತೋರಿಸಲು ಉಪಯೋಗವಾಗುತ್ತಿದೆ. ಅದು ಕೆಟ್ಟ ಕಾಯಿಲೇನೂ ಅಲ್ಲ. ಅದು ಉತ್ತರವಾಗಬಲ್ಲ ಪ್ರಶ್ನೆಯು ಆ ಕಾರಿನಲ್ಲಿ ಇರಲಿಲ್ಲ, ಅಷ್ಟೇ.